ಕೃಷ್ಣೆಯ ನಡುಗಡ್ಡೆಯ ಹೊಲ ಯಾರದು?

ಹೊಳೆಸಾಲಿನ ರೈತ, ಜಮಖಂಡಿ: ಹೊಳೆ ಇಳಿದ ಮೇಲೆ ನಡುಗಡ್ಡೆಯ ಹೂಳಿನಲ್ಲಿ ಬಿಳಿಜೋಳ, ಕಡಲೆ ಬಿತ್ತಿ ಬದುಕಿದವರು ನಮ್ಮ ಹಿರಿಯರು, ಈಗ ಅಲ್ಲಿಯೇ ಕಬ್ಬು ಬೆಳೆಯುತ್ತಿದ್ದೇವೆ. ಅದನ್ನು ನದೀಪಾತ್ರವೆಂದು ಸರ್ಕಾರ ತನ್ನದಾಗಿಸಿಕೊಳ್ಳುವುದು ಅನ್ಯಾಯ. ಉಳುವವನೇ ಒಡೆಯನೆಂಬ ಕಾನೂನು ನಮಗೇಕೆ ಅನ್ವಯಿಸುವುದಿಲ್ಲ?

ವಕೀಲ, ಬಾಗಲಕೋಟೆ: ‘ಉಳುವವನೇ ಒಡೆಯ’ ಎಂದಿರಿ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿ ಹಕ್ಕು ಕೊಟ್ಟದ್ದು ಗೇಣಿದಾರರಿಗೆ. ನದೀಪಾತ್ರದಲ್ಲಿ ನೀವು ಯಾರಿಗೆ ಗೇಣಿ ಕೊಟ್ಟಿರಿ? 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ನದಿಯ ಪಾತ್ರ ಸರ್ಕಾರದ ಸ್ವತ್ತು.

ಇತಿಹಾಸದ ಅಧ್ಯಾಪಕ, ವಿಜಯಪುರ: ನಮ್ಮ ಭಾಗದ ಇತಿಹಾಸ 1964ಕ್ಕೆ ಆರಂಭವಾದಂತೆ ಬರೆಯಬೇಡಿ. 1879ರ ಮುಂಬಯಿ ಭೂಕಂದಾಯ ಸಂಹಿತೆಯಲ್ಲಿ, ದಡಕ್ಕೆ ಹತ್ತಿದ ಹೊಸ ಮಣ್ಣು ಹಿಡುವಳಿಯ ಹತ್ತನೇ ಒಂದು ಭಾಗವನ್ನು ಮೀರುವವರೆಗೆ ದಡದ ರೈತನೇ ಅದನ್ನು ಬಳಸಬಹುದಿತ್ತು. ವಿಲೇವಾರಿ ಮಾಡುವಾಗಲೂ ಕಲೆಕ್ಟರು ಮೊದಲು ಅವನನ್ನೇ ಕೇಳಬೇಕಿತ್ತು.

ವಕೀಲ, ಬಾಗಲಕೋಟೆ: ‘ನಮ್ಮ ಭಾಗ’ ಎಂದರೆ ಯಾವುದು? ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ಮುಂಬಯಿಯ ಶಾಸನ ಅಲ್ಲಿ ತಾನಾಗಿಯೇ ಜಾರಿಯಾಗುತ್ತಿರಲಿಲ್ಲ.

ಇತಿಹಾಸದ ಅಧ್ಯಾಪಕ, ವಿಜಯಪುರ: ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು, 1956ರವರೆಗೆ ಅಲ್ಲಿಯೇ ಇತ್ತು. ಆ ವರ್ಷಗಳನ್ನು ನೀವು ಮರೆಮಾಚುತ್ತಿದ್ದೀರಿ.

ವಕೀಲ, ಬಾಗಲಕೋಟೆ: ಮರೆಮಾಚುತ್ತಿರುವವರು ನೀವು! ಸಂಹಿತೆ ಕೊಟ್ಟದ್ದು ತಾತ್ಕಾಲಿಕ ಬಳಕೆಯ ಹಕ್ಕು ಮಾತ್ರ ಎಂಬುದನ್ನು ಬಿಟ್ಟಿರಿ. ಸಂಸ್ಥಾನದ ದಫ್ತರದ ಕಾಗದವಿದ್ದರೆ ತೋರಿಸಿ.

ಓದುಗ, ಅಥಣಿ: ಸಂಸ್ಥಾನದ ಜಗಳ ಸಾಕು. 1825ರ ಬಂಗಾಳದ ನಿಯಮವನ್ನು ನೋಡಿ: ನಡುಗಡ್ಡೆಗೂ ದಡಕ್ಕೂ ನಡುವಿನ ನೀರನ್ನು ವರ್ಷದ ಯಾವುದಾದರೂ ಕಾಲದಲ್ಲಿ ನಡೆದು ದಾಟಬಹುದಾಗಿದ್ದರೆ, ಆ ನೆಲ ಸಮೀಪದ ಹಿಡುವಳಿದಾರನಿಗೆ ಸೇರುತ್ತಿತ್ತು. ಆಲಮಟ್ಟಿ ಹಿನ್ನೀರು ನಿಲ್ಲುವ ಮುನ್ನ ಬೇಸಿಗೆಯ ಕೃಷ್ಣೆ ಹೇಗಿತ್ತೆಂದು ಹಿರಿಯರನ್ನು ಕೇಳಿ.

ವಕೀಲ, ಬಾಗಲಕೋಟೆ: ಬಂಗಾಳದ ನಿಯಮದಿಂದ ಇಲ್ಲಿ ಉತಾರ, ಅಂದರೆ ಹೊಲದ ಹಕ್ಕಿನ ದಾಖಲೆ, ಹುಟ್ಟುವುದಿಲ್ಲ.

ಹೊಳೆಸಾಲಿನ ರೈತ, ಜಮಖಂಡಿ: ಉತಾರದ ಮಾತು ತೆಗೆದವರು ನೀವೇ, ಆದ್ದರಿಂದ ಕೇಳಿ. ಹೂಳಿನಿಂದ ಎದ್ದ ದಿಬ್ಬ ಬೇರೆ; ಮೋಜಣಿಯಾಗಿ ಸರ್ವೆ ನಂಬರು ಪಡೆದ ಎತ್ತರದ ಹೊಲವನ್ನು ಅಣೆಕಟ್ಟಿನ ನೀರು ಸುತ್ತುವರಿದು ನಡುಗಡ್ಡೆಯಾಗಿಸಿದ್ದು ಬೇರೆ. ಎರಡನೆಯದನ್ನೂ ನದೀಪಾತ್ರವೆನ್ನಲು 67ನೇ ಕಲಮು ಸಾಲದು. ಭೂಸ್ವಾಧೀನ ಮಾಡಿ ಪರಿಹಾರ ಕೊಡದೆ ಅದರ ಉತಾರದಲ್ಲಿರುವ ಹೆಸರನ್ನು ಯಾವ ಕಾನೂನಿನಲ್ಲಿ ತೆಗೆಯುತ್ತೀರಿ?

ವಕೀಲ, ಬಾಗಲಕೋಟೆ: ಮೊದಲು ಹೂಳಿನ ಹೊಲವೆಂದಿರಿ, ಈಗ ಎತ್ತರದ ಹೊಲವೆನ್ನುತ್ತೀರಿ. ನಿಮ್ಮದು ಯಾವುದೆಂದು ತಿಳಿಸಿ, ಆಮೇಲೆ ಉತ್ತರಿಸುತ್ತೇನೆ.