ಸಹಾಯ ಬೇಕು: ಸಿಂಕ್ ಪಕ್ಕ ಬಿರುಕು ಬಿಟ್ಟ ಗ್ರಾನೈಟ್ ಕಟ್ಟೆ, ರಿಪೇರಿಯೋ ಹೊಸದೋ?

ಅಡುಗೆ ಕಟ್ಟೆಯದು 18 ಮಿ.ಮೀ. ಗ್ರಾನೈಟ್. ಸಿಂಕ್‌ಗೆ ಕೊರೆದ ಜಾಗದ ಮೂಲೆಯಿಂದ ಮುಂದಿನ ಅಂಚಿನವರೆಗೂ ಬಿರುಕು. ಅಲ್ಲಿ ಕಲ್ಲು ನಾಲ್ಕೇ ಬೆರಳಗಲ, ಮೂಲೆಯನ್ನೂ ದುಂಡಗೆ ಕತ್ತರಿಸಿಲ್ಲ, ಒತ್ತಡವೆಲ್ಲ ಅಲ್ಲೇ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ, ಅಂದರೆ ಕಲ್ಲಿನ ಸಹಜ ಗೆರೆಯಲ್ಲ.

ನೀರಿನ ಹನಿ ಬಿಟ್ಟರೆ 5 ನಿಮಿಷದಲ್ಲೇ ಕಲ್ಲು ಅದನ್ನು ಹೀರಿ ಕಪ್ಪಾಗುತ್ತದೆ. ಅದಕ್ಕೆ ಸೀಲರ್ (ನೀರು ಹೀರದಂತೆ ತಡೆಯುವ ದ್ರವ) ಹಚ್ಚಿದರಾಯಿತು, ಬಿಡಿ. ಚಿಂತೆ ಅಡಿಯ ಪ್ಲೈವುಡ್‌ನದು: ಸಿಂಕ್ ಅಂಚಿನ ಸಂದಿಗೆ ಹಚ್ಚಿದ ಸಿಲಿಕಾನ್ ಅಂಟು ಬಿಟ್ಟುಕೊಂಡ ಕಡೆ ನೀರಿಳಿದು ಉಬ್ಬಿದೆ, ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಗಿಳಿಯುತ್ತದೆ. ಆಧಾರವೇ ಮೆತ್ತಗಿದ್ದರೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿದರೂ ಬಿರುಕು ಮತ್ತೆ ಬಾಯಿ ಬಿಡುತ್ತದೆ.

ಕಲ್ಲು ತೆಗೆಯದೆ, ಕೆಳಗಿನಿಂದ ಆನಿಕೆ ಕೊಟ್ಟು ಪ್ಲೈ ಮಾತ್ರ ಬದಲಿಸಿದವರು ಇದ್ದೀರಾ? ಎಷ್ಟು ವರ್ಷ ತಡೆಯಿತು? ಇಲ್ಲವೇ ಸಿಂಕ್ ಭಾಗದ ಕಲ್ಲನ್ನಷ್ಟೇ ಕತ್ತರಿಸಿ ಹೊಸದು ಕೂರಿಸಬಹುದೇ? ಹಳೆ-ಹೊಸ ಕಲ್ಲಿನ ಜೋಡಣೆ ಸಿಂಕ್‌ನಿಂದ ಎಷ್ಟು ದೂರವಿರಬೇಕು?