ಆಗುಂಬೆ ಹತ್ತಬೇಕಾದ ವ್ಯಾಗನ್ ಆರ್‌ಗೆ ದೊಡ್ಡಮ್ಮನ ಉತ್ತರ

ಮಾರಾಯ, ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ಬೆಳಗ್ಗೆಯಿಂದ ಅಡಿಕೆ ಸುಲಿಯುವವರು ಬಂದಿದ್ದರು, ಫೋನು ಒಳಗೇ ಬಿದ್ದಿತ್ತು. ಒತ್ತಿ ಒತ್ತಿ ಬರೆಯೋಕೆ ನನ್ನ ಕೈಲಿ ಆಗಲ್ಲ, ಮಾತಾಡಿದ್ದನ್ನೇ ಫೋನು ಬರೆದುಕೊಳ್ಳುತ್ತಿದೆ. ಉದ್ದ ಆಯ್ತು ಅಂತ ಯಾರೂ ಅರ್ಧಕ್ಕೆ ಬಿಡಬೇಡಿ.

ನೀನು ಕೇಳಿದ್ದು ಇಷ್ಟು ಅಲ್ವಾ? 2007ರ ವ್ಯಾಗನ್ ಆರ್ ಏರಿನಲ್ಲಿ ಎಳೆಯುತ್ತಿಲ್ಲ. ಮುಂದಿನ ತಿಂಗಳು ಶಿವಮೊಗ್ಗದಿಂದ ಅಮ್ಮನನ್ನು ಕೂರಿಸಿಕೊಂಡು ಮಣಿಪಾಲಕ್ಕೆ ಹೋಗಿ ಬರಬೇಕು. ಬೆಂಗಳೂರಿನ ಸ್ನೇಹಿತ ಯಾರೋ ಡಬ್ಬ ಇಲ್ಲದ ಕೋನ್ ಏರ್ ಫಿಲ್ಟರ್ ಹಾಕಿಸು, ಹೊಗೆ ಸಲೀಸಾಗಿ ಬಿಡುವ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸು, ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಾಯಿಸುವ ರೀಮ್ಯಾಪ್ ಮಾಡಿಸು, ಗಾಡಿ ಹಾರುತ್ತೆ ಅಂದಿದ್ದಾನೆ. ಮೈಲೇಜ್ ಬಿದ್ದರೆ ಏನು ಗತಿ ಅಂತ ನಿನಗೆ ಚಿಂತೆ. ಪೆಟ್ರೋಲ್ ನೂರು ದಾಟಿ ಕೂತಿದೆ, ಚಿಂತೆ ಆಗಬೇಕಾದ್ದೇ.

ಎಂಜಿನ್ನಿನ ಲೆಕ್ಕಕ್ಕೆ ಕೈ ಹಾಕಿಸಬೇಡ. ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಝೆನ್ ಕಥೆ ನಿಮಗೆಲ್ಲ ಗೊತ್ತು. ಗೊತ್ತಿದ್ದರೂ ಇನ್ನೊಂದು ಸಲ ಕೇಳಿ. ನಿಮ್ಮ ದೊಡ್ಡಪ್ಪ 1996ರಲ್ಲಿ ತಗೊಂಡ ಗಾಡಿ ಅದು. 993 ಸಿಸಿ, ಪೆಟ್ರೋಲು ಗಾಳಿ ಬೆರೆಸೋಕೆ ಕಾರ್ಬ್ಯುರೇಟರ್ ಇದ್ದ ಕಾಲದ್ದು. ದೊಡ್ಡಪ್ಪ ಓಡಿಸಿದ್ದು ಕಡಿಮೆ, ನಾನೇ ಶಾಲೆಗೆ ತಗೊಂಡು ಹೋಗುತ್ತಿದ್ದೆ. ಮಳೆಗಾಲದ ಕೆಸರಲ್ಲೂ ಒಂದು ದಿನ ಕೈಕೊಟ್ಟಿರಲಿಲ್ಲ. ಹಗುರ ಗಾಡಿ, ಎರಡನೇ ಗೇರಿನಲ್ಲಿ ಆಗುಂಬೆ ಘಾಟಿಯನ್ನು ಸಲೀಸಾಗಿ ಹತ್ತುತ್ತಿತ್ತು.

ಒಂದು ವರ್ಷ ಉಡುಪಿಯಲ್ಲಿ ಮದುವೆ ಇತ್ತು. ಅದಕ್ಕೆ ಮುಂಚೆ ನಿಮ್ಮ ಚಿಕ್ಕಪ್ಪ, ಅದೇ ನನ್ನ ಮೈದುನ, ಬೆಂಗಳೂರಲ್ಲಿ ಕೆಲಸ ಇದೆ ಅಂತ ಗಾಡಿ ತಗೊಂಡು ಹೋದ. ಅವನೂ ಈ ಗ್ರೂಪಲ್ಲೇ ಇದ್ದಾನೆ, ಓದಲಿ. ವಾಪಸ್ ಬಂದಾಗ ಗಾಡಿಯ ಸದ್ದೇ ಬೇರೆ. ಬಾನೆಟ್ ಎತ್ತಿದರೆ ಏರ್ ಫಿಲ್ಟರಿನ ಕಪ್ಪು ಡಬ್ಬ ಇಲ್ಲ. ಅದರ ಜಾಗದಲ್ಲಿ ಕೆಂಪು ಬಟ್ಟೆಯ ಕೋನ್ ಒಂದು, ಕ್ಲಿಪ್ ಹಾಕಿ ಬಿಗಿದಿದ್ದಾರೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ದೊಡ್ಡದು ಹಾಕಿಸಿದ್ದನಂತೆ. ಪ್ಲಗ್ಗಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಸ್ವಲ್ಪ ತಿರುಗಿಸಿ, ಕಿಡಿ ಬೇಗ ಬೀಳುವ ಹಾಗೆ ಟೈಮಿಂಗ್ ಮುಂದೆ ಇಡಿಸಿದ್ದನಂತೆ. "ಅತ್ತಿಗೆ, ರಿಂಗ್ ರೋಡಲ್ಲಿ ಯಾರೂ ನಮ್ಮನ್ನ ಹಿಡಿಯೋಕೆ ಆಗಲಿಲ್ಲ" ಅಂದ. ರಿಂಗ್ ರೋಡ್ ಚಪ್ಪಟೆ ಮಾರಾಯ. ಗಾಡಿಯಲ್ಲಿ ಇವನೊಬ್ಬನೇ.

ಮದುವೆ ಮುಗಿಸಿ ವಾಪಸ್ ಬರುವಾಗ ನಾವು ನಾಲ್ಕು ಜನ, ಮೇ ತಿಂಗಳ ಮಧ್ಯಾಹ್ನ, ಡಿಕ್ಕಿ ತುಂಬ ತೆಂಗಿನಕಾಯಿ, ಎಸಿ ಆನ್. ಓಡಿಸುತ್ತಿದ್ದವನು ಅವನೇ. ಸೋಮೇಶ್ವರ ದಾಟಿ ಏರು ಶುರುವಾಯಿತು. ಎರಡು ತಿರುವು ಆದಮೇಲೆ ಎಂಜಿನ್ನಿಂದ ಟಣ ಟಣ ಅಂತ ಸದ್ದು. ಎಕ್ಸಿಲೇಟರ್ ಒತ್ತಿದಷ್ಟೂ ಜಾಸ್ತಿ. "ಏನೋ ಅದು" ಅಂದೆ. "ವಾಲ್ವ್ ಸದ್ದು ಅತ್ತಿಗೆ, ಏನಾಗಲ್ಲ" ಅಂತ ಟೇಪ್ ರೆಕಾರ್ಡರ್ ಜೋರು ಮಾಡಿದ. ವಾಲ್ವ್ ಸದ್ದಲ್ಲ ಅದು, ನಾಕಿಂಗ್. ಟೈಮಿಂಗ್ ಮುಂದೆ ಇಟ್ಟರೆ ಪಿಸ್ಟನ್ ಮೇಲೆ ಬರುತ್ತಿರುವಾಗ ಕಿಡಿ ಬೀಳಬೇಕಾದ್ದಕ್ಕಿಂತ ಬೇಗ ಬೀಳುತ್ತೆ. ಒತ್ತಡ, ಶಾಖ ಎರಡೂ ಏರುತ್ತೆ, ಇನ್ನೂ ಉರಿಯದೆ ಉಳಿದ ಪೆಟ್ರೋಲು ತಾನಾಗೇ ಸಿಡಿಯುತ್ತೆ. ಆ ಪೆಟ್ಟೆಲ್ಲ ಪಿಸ್ಟನ್ನಿಗೆ, ಹೆಡ್ಡಿಗೆ. ಏರಿನಲ್ಲಿ, ಕಡಿಮೆ ವೇಗದಲ್ಲಿ, ಪೂರ್ತಿ ಒತ್ತಿದಾಗಲೇ ಇದು ಜೋರು. ಆಗಿನ ಪೆಟ್ರೋಲು ಬೇರೆ ಈಗಿನದಕ್ಕಿಂತ ಕಡಿಮೆ ಆಕ್ಟೇನಿನದು, ಅಂದರೆ ನಾಕಿಂಗ್ ತಡೆಯುವ ಗುಣ ಕಡಿಮೆ. ಇವನ ಕೋನ್ ಫಿಲ್ಟರು ಎಳೆದುಕೊಳ್ಳುತ್ತಿದ್ದದ್ದು ಬಾನೆಟ್ ಒಳಗಿನ ಬಿಸಿ ಗಾಳಿ. ಆ ಕಪ್ಪು ಡಬ್ಬ ಹೊರಗಿನ ತಣ್ಣನೆ ಗಾಳಿ ತರೋಕೆ ಅಂತಲೇ ಇದ್ದದ್ದು. ಕಂಪನಿಯವರು ಸುಮ್ನೆ ಇಟ್ಟಿರುತ್ತಾರಾ?

ಏಳೋ ಎಂಟೋ ತಿರುವಿನಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಹಬೆ. ಗಾಡಿ ನಿಂತಿತು. ಒಂದು ಕಡೆ ಕಣಿವೆ, ಹಿಂದೆ ಮಿನಿ ಬಸ್ಸಿನವನ ಹಾರ್ನು, ಕಲ್ಲು ಹುಡುಕಿ ಟೈರಿಗೆ ಕೊಟ್ಟವಳು ನಾನು, ರೇಷ್ಮೆ ಸೀರೆಯಲ್ಲಿ. ಇವನು ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯೋಕೆ ಹೋದ. ನಿಮ್ಮ ದೊಡ್ಡಪ್ಪ ಕೈ ಹಿಡಿದು ಎಳೆಯದಿದ್ದರೆ ಮುಖ ಬೇಯುತ್ತಿತ್ತು. ಜೀಪಿನವನೊಬ್ಬ ಹಗ್ಗ ಕಟ್ಟಿ ತೀರ್ಥಹಳ್ಳಿಗೆ ಎಳೆದು ತಂದ. ಮಾರನೇ ದಿನ ಮೆಕ್ಯಾನಿಕ್ಕು ಆಯಿಲ್ ಇಳಿಸಿದರೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ಮಧ್ಯೆ ಇರುವ ಹೆಡ್ ಗ್ಯಾಸ್ಕೆಟ್ ಸುಟ್ಟು ನೀರು ಆಯಿಲ್ಲಿಗೆ ಸೇರಿತ್ತು. ಹೆಡ್ ಬೆಂಡಾಗಿತ್ತು, ಲೇತ್‌ಗೆ ಕಳಿಸಿ ಸಮ ಮಾಡಿಸಬೇಕಾಯಿತು. ನನ್ನ ಒಂದು ತಿಂಗಳ ಸಂಬಳ ಅಲ್ಲೇ ಹೋಯಿತು. ಆಮೇಲೂ ಆ ಗಾಡಿ ಮೊದಲಿನ ಹಾಗೆ ಆಗಲೇ ಇಲ್ಲ.

ಅದಕ್ಕೇ ಹೇಳೋದು, ಎಂಜಿನ್ನಿನ ಲೆಕ್ಕಕ್ಕೆ ಕೈ ಹಾಕಿಸಬೇಡ. ನಿನ್ನ ಗಾಡಿಯಲ್ಲಿ ಕಿಡಿ ಯಾವಾಗ, ಪೆಟ್ರೋಲ್ ಎಷ್ಟು ಅನ್ನೋದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತೆ. ಸ್ನೇಹಿತ ಹೇಳುವ ರೀಮ್ಯಾಪ್ ಅಂದರೆ ಚಿಕ್ಕಪ್ಪ ಮಾಡಿಸಿದ ಅದೇ ಕೆಲಸ, ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡುತ್ತಾರೆ, ಅಷ್ಟೇ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಡೀಸೆಲ್ಲಿಗಾದರೆ ಅದರಿಂದ ಏನಾದರೂ ಕಾಣುತ್ತೆ. ಟರ್ಬೊ ಇಲ್ಲದ ನಿನ್ನ 1061 ಸಿಸಿ ಪೆಟ್ರೋಲ್ ಎಂಜಿನ್ನಿಗೆ ಕಾಣೋದು ಬಿಲ್ಲು ಮಾತ್ರ.

ಆ ರಿಪೇರಿ ದುಡ್ಡು ಚಿಕ್ಕಪ್ಪನಿಂದ ಇವತ್ತಿನವರೆಗೂ ಬಂದಿಲ್ಲ ಅನ್ನೋದು ಬೇರೆ ವಿಷಯ. ನಾನು ಕೇಳೋಕೂ ಹೋಗಿಲ್ಲ. ಆದರೆ ಅವತ್ತು ಮದುವೆಗೆ ಬಂದಿದ್ದ ನೆಂಟರ ಹತ್ತಿರ "ಅತ್ತಿಗೆ ಗಾಡಿ ಸರಿಯಾಗಿ ನೋಡಿಕೊಂಡಿರಲಿಲ್ಲ, ಅದಕ್ಕೇ ಹೀಗಾಯ್ತು" ಅಂದನಂತೆ. ಅದು ನನಗೆ ಆರು ತಿಂಗಳಾದ ಮೇಲೆ ಬೇರೆಯವರ ಬಾಯಿಂದ ಗೊತ್ತಾಗಿದ್ದು. ನಾನಾ ನೋಡಿಕೊಳ್ಳದವಳು? ಆಯಿಲ್ ಬದಲಾಯಿಸಿದ ತಾರೀಕು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ. ಅದೂ ಹೋಗಲಿ. ಬಚ್ಚಲುಮನೆಯ ತಾಮ್ರದ ಹಂಡೆ, ಅತ್ತೆಯವರ ಕಾಲದ್ದು, ಮಗಳ ಗೃಹಪ್ರವೇಶಕ್ಕೆ ಎರಡು ದಿನ ಕೊಡಿ ಅಂತ ತಗೊಂಡು ಹೋದವರು ಯಾರು? ಮೊನ್ನೆ ಯಾರೋ ಗ್ರೂಪಿಗೆ ಫೋಟೋ ಹಾಕಿದಿರಲ್ಲ, ಹಿಂದೆ ಬಾಲ್ಕನಿಯಲ್ಲಿ ಕಂಡಿತು. ಮನಿ ಪ್ಲಾಂಟ್ ನೆಟ್ಟಿದ್ದಾರೆ. ಹೊರಗೆಲ್ಲ ಹಸಿರು ಕಿಲುಬು ಹಿಡಿದಿದೆ. ಹುಣಸೆಹಣ್ಣು ಹಾಕಿ ತಿಕ್ಕೋಕೂ ಯಾರಿಗೂ ಪುರುಸೊತ್ತಿಲ್ಲ. ನಾನು ಏನಾದರೂ ಕೇಳಿದರೆ ಗ್ರೂಪಲ್ಲಿ ಎಲ್ಲರೂ ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀರಿ. ತೋಟದ ಪಂಪಿನ ಖರ್ಚು ಹಂಚಿಕೊಳ್ಳೋಣ ಅಂತ ಹಾಕಿದ ಮೆಸೇಜಿಗೆ ಐದು ಹೆಬ್ಬೆಟ್ಟು ಬಂತು, ಒಂದು ರೂಪಾಯಿ ಬರಲಿಲ್ಲ.

ಇರಲಿ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಬೇಡ, ಬಿಪಿ ಏರುತ್ತೆ. ಹ್ಞಾ, ಗಾಡಿ ವಿಷಯ. ಅದನ್ನೇ ಹೇಳಲಿಲ್ಲ ನೋಡು.

ನಿನ್ನ ಗಾಡಿಗೆ ಹೊಸ ಶಕ್ತಿ ಹಾಕಿಸೋದು ಬೇಡ. ಇದ್ದ ಶಕ್ತಿ ಎಲ್ಲಿ ಸೋರಿತು ಅಂತ ಹುಡುಕಿಸು. ಹಳೇ ಗಾಡಿಯಲ್ಲಿ ಎಳೆತವೂ ಮೈಲೇಜೂ ಸಾಮಾನ್ಯವಾಗಿ ಒಂದೇ ಕಡೆ ಸೋರಿರುತ್ತೆ, ಒಂದು ಸರಿ ಮಾಡಿದರೆ ಎರಡೂ ವಾಪಸ್ ಬರುತ್ತೆ.

ಏರ್ ಫಿಲ್ಟರ್ ಕಂಪನಿಯ ಪೇಪರಿನದ್ದೇ ಹೊಸದು ಹಾಕು, ಡಬ್ಬದ ಕ್ಲಿಪ್ಪು ಸರಿಯಾಗಿ ಕೂತಿದೆಯಾ ನೋಡು. ನನ್ನ ಮಗಳು ಒಮ್ಮೆ ಕಳಿಸಿದ್ದಳು, ಅಮೆರಿಕದ ಓಕ್ ರಿಡ್ಜ್ ಲ್ಯಾಬಿನವರು 2009ರಲ್ಲಿ ಪರೀಕ್ಷೆ ಮಾಡಿದ್ದಾರಂತೆ. ನಿನ್ನದರ ಹಾಗೆ ಕಾರ್ಬ್ಯುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಹೆಚ್ಚುಕಮ್ಮಿ ಹಾಗೇ ಇರುತ್ತೆ, ಪಿಕಪ್ ಬೀಳುತ್ತೆ. ಅಂದರೆ ಪೆಟ್ರೋಲ್ ಸುಡದೆ ಪಿಕಪ್ ಪಡೆಯೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಜೊತೆಗೆ ನಾಲ್ಕೂ ಸ್ಪಾರ್ಕ್ ಪ್ಲಗ್ ಬದಲಾಯಿಸು, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸು.

ಥರ್ಮೋಸ್ಟಾಟ್, ಅದೇ ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್, ಇದೆಯಾ ಅಂತ ಖಂಡಿತ ಕೇಳು. ನಗಬೇಡ. ಎಷ್ಟೋ ಮೆಕ್ಯಾನಿಕ್ಕುಗಳು ನಮ್ಮ ಊರಿಗೆ ಬೇಡ ಅಂತ ಅದನ್ನು ತೆಗೆದು ಬಿಸಾಡಿರುತ್ತಾರೆ. ಅದಿಲ್ಲದಿದ್ದರೆ ಎಂಜಿನ್ ಸರಿಯಾಗಿ ಬಿಸಿಯಾಗಲ್ಲ. ಕಂಪ್ಯೂಟರು ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇರುತ್ತೆ. ಹೊಗೆಯಲ್ಲಿನ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸರ್ ಹಳೇದಾದರೆ ಅದೂ ಹೀಗೇ ಮಾಡುತ್ತೆ, ಸ್ಕ್ಯಾನರ್ ಹಾಕಿಸಿದರೆ ಗೊತ್ತಾಗುತ್ತೆ.

ಬ್ರೇಕ್ ಹಿಡಿದುಕೊಂಡಿದೆಯಾ ನೋಡು. ನಮ್ಮ ಮಳೆಗೆ, ಬ್ರೇಕ್ ಒತ್ತಿ ಹಿಡಿಯುವ ಕ್ಯಾಲಿಪರಿನ ಪಿನ್ ತುಕ್ಕು ಹಿಡಿದು ಜಾಮ್ ಆಗುತ್ತೆ. ಜಾಸ್ತಿ ಬ್ರೇಕ್ ಹಾಕದೆ ಒಂದಷ್ಟು ದೂರ ಓಡಿಸಿ ನಿಲ್ಲಿಸು, ಚಕ್ರದ ಹತ್ತಿರ ಕೈ ಇಡು, ಮುಟ್ಟಬೇಡ. ಒಂದು ಚಕ್ರ ಮಾತ್ರ ಕಾಯ್ದಿದ್ದರೆ ನಿನ್ನ ಎಳೆತ ಅಲ್ಲೇ ಹೋಗುತ್ತಿದೆ. ಕ್ಲಚ್ಚಿಗೂ ಪರೀಕ್ಷೆ ಇದೆ. ನಾಲ್ಕನೇ ಗೇರಿನಲ್ಲಿ ಸಣ್ಣ ಏರು ಹತ್ತುವಾಗ ಒಮ್ಮೆಲೇ ಎಕ್ಸಿಲೇಟರ್ ಒತ್ತು. ಎಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇದಾವುದೂ ಇಲ್ಲ ಅಂದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಪರೀಕ್ಷೆ ಮಾಡಿಸು. ಒಂದು ಸಿಲಿಂಡರ್ ಬೇರೆಯವಕ್ಕಿಂತ ತೀರಾ ಕಡಿಮೆ ತೋರಿಸಿದರೆ ನನಗೆ ಫೋನ್ ಮಾಡು, ಆಗ ಮಾತಾಡೋಣ. ಟೈರಿನ ಗಾಳಿ ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿ ಹಾಕಿಸು.

ಪವರ್ ಪೆಟ್ರೋಲ್ ಅಂತ ಲೀಟರಿಗೆ ದುಡ್ಡು ಜಾಸ್ತಿ ಕೊಡಬೇಡ. ನಾಕಿಂಗ್ ಇಲ್ಲದ ಎಂಜಿನ್ನಿಗೆ ಆಕ್ಟೇನ್ ಏರಿಸಿ ಉಪಯೋಗ ಇಲ್ಲ. ಇನ್ನು ಈಗ ಬಂಕಲ್ಲಿ ಸಿಗೋದು ಇ20, ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಇ10 ಇದ್ದಾಗ ಹದಿನೈದು ಕೊಡುತ್ತಿದ್ದ ಗಾಡಿ ಈಗ ಹದಿನಾಲ್ಕೂವರೆ ಕೊಟ್ಟರೆ ಮೆಕ್ಯಾನಿಕ್ಕನ್ನು ಬೈಯಬೇಡ. ಆದರೆ ನಿನ್ನದು ಇ20ಗೆ ಅಂತ ಮಾಡಿದ ಗಾಡಿ ಅಲ್ಲ. ಪೆಟ್ರೋಲ್ ಪೈಪಿನ ರಬ್ಬರು ಬಿರುಕು ಬಿಟ್ಟಿದೆಯಾ, ವಾಸನೆ ಬರುತ್ತಾ, ಘಾಟಿ ಇಳಿಯುವ ಮುಂಚೆ ನೋಡಿಸಲೇಬೇಕು.

ಫ್ರೀ ಫ್ಲೋ ಸೈಲೆನ್ಸರ್ ಬಗ್ಗೆ ಒಂದೇ ಮಾತು. ಕಂಪನಿ ಕೊಟ್ಟದ್ದನ್ನು ಕಾನೂನು ಮೀರಿ ಬದಲಾಯಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು ಕೂಡ ಆಗಬಹುದು, 2019ರ ತಿದ್ದುಪಡಿಯಲ್ಲಿ ಬಂದಿದೆ. 2027ಕ್ಕೆ ನಿನ್ನ ಗಾಡಿಯ ಆರ್‌ಸಿ ಮತ್ತೆ ರಿನ್ಯೂ ಮಾಡಿಸಬೇಕು. ಇಪ್ಪತ್ತು ವರ್ಷ ದಾಟಿದ ಕಾರಿಗೆ ಫೀಸೇ 10,000 ಮಾಡಿದ್ದಾರೆ. ಆಗ ಇನ್‌ಸ್ಪೆಕ್ಟರ್ ಮುಂದೆ ಗುಡುಗುಡು ಸದ್ದು ಮಾಡಿಕೊಂಡು ನಿಲ್ಲುತ್ತೀಯಾ?

ಓಡಿಸುವಾಗ ಏರಿನಲ್ಲಿ ಮೂರನೇ ಗೇರಿಗೆ ಅಂಟಿಕೊಂಡು ಗಾಡಿಯನ್ನು ನರಳಿಸಬೇಡ. ಮೈಲೇಜ್ ಉಳಿಯುತ್ತೆ ಅಂತ ಎಲ್ಲ ಹಾಗೇ ಮಾಡೋದು. ಆ ಎಂಜಿನ್ ನಿಮಿಷಕ್ಕೆ ಮೂರು, ಮೂರೂವರೆ ಸಾವಿರ ಸುತ್ತು ಸುತ್ತಿದಾಗಲೇ ಚೆನ್ನಾಗಿ ಎಳೆಯೋದು. ತಿರುವಿಗೆ ಮುಂಚೆಯೇ ಎರಡಕ್ಕೆ ಇಳಿಸು. ಸುತ್ತು ತೋರಿಸುವ ಮೀಟರ್ ಇಲ್ಲದಿದ್ದರೆ ಕಿವಿ ಇದೆ. ಹದಿನಾಲ್ಕು ತಿರುವು ಮುಗಿಯುವ ತನಕ ಎಸಿ ಆಫ್ ಮಾಡಿ ಕಿಟಕಿ ಇಳಿಸು, ಅಮ್ಮನಿಗೂ ಗಾಳಿ ಆಗುತ್ತೆ.

ಇದನ್ನೆಲ್ಲ ಮಾಡಿಸುವ ಮೊದಲು ಒಂದು ಸಲ, ಆದಮೇಲೆ ಒಂದು ಸಲ, ಒಂದೇ ಬಂಕಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕು. ಮೆಕ್ಯಾನಿಕ್ಕು ಎಷ್ಟು ಹೇಳಿದ ಅಂತ ಇಲ್ಲಿ ಹಾಕಬೇಡ, ನನಗೆ ಬೇರೆಯಾಗಿ ಕಳಿಸು. ಹೋಗುವಾಗ ತೀರ್ಥಹಳ್ಳಿಯಲ್ಲಿ ಮನೆಗೆ ಬಂದೇ ಹೋಗಬೇಕು. ಎಷ್ಟು ಜನ ಅಂತ ಹಿಂದಿನ ದಿನವೇ ಹೇಳು, ಕಡುಬಿಗೆ ಅಕ್ಕಿ ನೆನೆಹಾಕಬೇಕು.