ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡುವಾಗ ಜಿಪಿಯು (ಗ್ರಾಫಿಕ್ಸ್ ಚಿಪ್) 87 ಡಿಗ್ರಿ, ಸ್ಟ್ರೆಸ್ ಟೆಸ್ಟ್‌ನಲ್ಲಿ ಬರೀ 75. ಯಾಕೆ?

ಹಳೇಪಿಕ್ಸೆಲ್: ಸಾಕಾಗಿ ಹೋಗಿದೆ. ಗೇಮ್ ಶುರುವಾದ ಸ್ವಲ್ಪ ಹೊತ್ತಿಗೇ ಜಿಪಿಯು 87 ಮುಟ್ಟುತ್ತದೆ, ಫ್ರೇಮ್ ದಬಕ್ಕನೆ ಬೀಳುತ್ತದೆ. ಫ್ಯಾನ್ ಪೂರ್ತಿ ಸ್ಪೀಡಿನಲ್ಲೇ ಇದೆ. ಚಿಪ್‌ಗೆ ಪೂರ್ತಿ ಕೆಲಸ ಕೊಡುವ ಸ್ಟ್ರೆಸ್ ಟೆಸ್ಟ್ ಹಾಕಿದರೆ ಮಾತ್ರ 75ಕ್ಕೆ ನಿಂತುಬಿಡುತ್ತದೆ. ಸರ್ವಿಸ್‌ನವರು "ಟೆಸ್ಟ್ ಪಾಸ್" ಎಂದು ವಾಪಸ್ ಕೊಟ್ಟರು.

ಪೇಸ್ಟ್‌ಪ್ರಿಯ: ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದೆ. ಬಿಚ್ಚಿ ಹೊಸದು ಹಚ್ಚಿ.

ಲೂಪ್20: ಯಾವ ಟೆಸ್ಟ್? ಜಿಪಿಯು ಎಷ್ಟು ವ್ಯಾಟ್‌ನದ್ದು? ಸಿಪಿಯು ಯಾವುದು?

ಪೇಸ್ಟ್‌ಪ್ರಿಯ: 87 ಬಂದರೆ ಪೇಸ್ಟೇ, ಕೇಳುವುದೇನಿದೆ? ಪೇಸ್ಟ್ ಬಿಸಿಗೆ ಅಂಚಿಗೆ ಸರಿದುಹೋಗುತ್ತದೆ. ನಾನು ಪೇಸ್ಟ್ ಬದಲು ಪಿಟಿಎಂ 7950 ಶೀಟ್ ಹಾಕಿದ ಮೇಲೆ 75 ದಾಟಿಲ್ಲ.

ಹಳೇಪಿಕ್ಸೆಲ್: ಫರ್‌ಮಾರ್ಕ್, ಅರ್ಧ ಗಂಟೆ.

ತಂಪುಗಾಳಿ: ಫರ್‌ಮಾರ್ಕ್ ಹಾಕಬೇಡಿ ಗುರು, ಕಾರ್ಡ್ ಸುಟ್ಟುಹೋಗುತ್ತದೆ!

ಲೂಪ್20: ಅದು ಹಳೇ ಕಾಲದ ಮಾತು. ಈಗಿನ ಕಾರ್ಡ್ ಪವರ್ ಲಿಮಿಟ್ ಮುಟ್ಟಿದರೆ ತಾನೇ ಕ್ಲಾಕ್ (ಚಿಪ್‌ನ ವೇಗ) ಇಳಿಸುತ್ತದೆ. ವಿಷಯ ಬೇರೆ ಇದೆ. ಫರ್‌ಮಾರ್ಕ್ ಸಿಪಿಯುಗೆ ಹೆಚ್ಚು ಕೆಲಸವನ್ನೇ ಕೊಡುವುದಿಲ್ಲ. ಗೇಮ್ ಎರಡನ್ನೂ ದುಡಿಸುತ್ತದೆ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಎರಡರ ಮೇಲೂ ಬಿಸಿ ಸಾಗಿಸುವ ಅದೇ ಹೀಟ್‌ಪೈಪ್ ಹಾದುಹೋಗಿರುತ್ತದೆ, ಹಾಗಾಗಿ ಸಿಪಿಯು ಬಿಸಿ ಜಿಪಿಯುಗೂ ತಟ್ಟುತ್ತದೆ. ಗೇಮ್ ಓಡುವಾಗ ಬಿಸಿ, ಕ್ಲಾಕ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಪ್ರೋಗ್ರಾಂನಲ್ಲಿ ಲಾಗ್ ಹಾಕಿ. ಜಿಪಿಯು-ಝಡ್‌ನಲ್ಲಿ ಪರ್ಫ್‌ಕ್ಯಾಪ್ ರೀಸನ್ (ಕ್ಲಾಕ್ ತಡೆಯುತ್ತಿರುವ ಕಾರಣ) ಸಾಲನ್ನೂ ನೋಡಿ. ಅಲ್ಲಿ ಪವರ್ ಎಂದಿದ್ದರೆ ಮಾಮೂಲಿ, ಥರ್ಮಲ್ ಎಂದಿದ್ದರೆ ಬಿಸಿಯದ್ದೇ ತೊಂದರೆ.

ತಂಪುಗಾಳಿ: ಸುಮ್ನೆ ಕೂಲಿಂಗ್ ಪ್ಯಾಡ್ ತಗೊಳ್ಳಿ. ನನ್ನದು ಅಂಚಿಗೆ ಫೋಮ್ ಇರುವಂಥದ್ದು, ಗಾಳಿ ಪಕ್ಕಕ್ಕೆ ಸೋರುವುದಿಲ್ಲ. ಎಷ್ಟು ಆಡಿದರೂ 68.

ಪೇಸ್ಟ್‌ಪ್ರಿಯ: ಅದರ ಸದ್ದಿಗೆ ಹೆಡ್‌ಫೋನ್ ಇಲ್ಲದೆ ಕೂರಲು ಆಗುತ್ತಾ?

ತಂಪುಗಾಳಿ: ಹೆಡ್‌ಫೋನ್ ಇಲ್ಲದೆ ಆಡುವವರು ಯಾರು?

ಹಳೇಪಿಕ್ಸೆಲ್: ಲಾಗ್ ಬಂತು. ಸಿಪಿಯು 95, ಜಿಪಿಯು 87, ಹಾಟ್‌ಸ್ಪಾಟ್ (ಜಿಪಿಯುನ ಅತಿ ಬಿಸಿ ಜಾಗ) 98. ಜಿಪಿಯು ಕ್ಲಾಕ್ 1700 ಮೆಗಾಹರ್ಟ್ಸ್‌ನಿಂದ 1150ಕ್ಕೆ ಇಳಿದಿದೆ. ಪರ್ಫ್‌ಕ್ಯಾಪ್ ಥರ್ಮಲ್.

ಲೂಪ್20: ಕೋರ್‌ಗೂ ಹಾಟ್‌ಸ್ಪಾಟ್‌ಗೂ 11 ಡಿಗ್ರಿ ವ್ಯತ್ಯಾಸ. ಅದು ಮಾಮೂಲಿ. ಪೇಸ್ಟ್ ಕೆಟ್ಟಿದ್ದರೆ ಸಾಮಾನ್ಯವಾಗಿ ಇನ್ನೂ ಜಾಸ್ತಿ ಇರುತ್ತದೆ. ನನ್ನ ಅನುಮಾನ ಸಿಪಿಯು ಮೇಲೆ. ವಿಂಡೋಸ್ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99%ಕ್ಕೆ ಇಡಿ, ಟರ್ಬೊ (ಸಿಪಿಯು ತಾನೇ ವೇಗ ಏರಿಸಿಕೊಳ್ಳುವುದು) ನಿಲ್ಲುತ್ತದೆ. ಗೇಮ್‌ನ ಅದೇ ಜಾಗದಲ್ಲಿ ಅಷ್ಟೇ ಹೊತ್ತು ಆಡಿ ನೋಡಿ.

ಹಳೇಪಿಕ್ಸೆಲ್: ಸಿಪಿಯು 74, ಜಿಪಿಯು 78! ಕ್ಲಾಕ್ 1650ಕ್ಕಿಂತ ಕೆಳಗೆ ಬರುತ್ತಿಲ್ಲ. ಆದರೆ ಜನ ಜಾಸ್ತಿ ಇರುವ ಸೀನ್‌ನಲ್ಲಿ ತಡವರಿಸುತ್ತದೆ.

ಲೂಪ್20: ಟರ್ಬೊ ಇಲ್ಲ ಅಲ್ವಾ, ಅದಕ್ಕೇ. ಇದು ಪರೀಕ್ಷೆಗೆ ಮಾತ್ರ. ಟರ್ಬೊ ಮತ್ತೆ ಹಾಕಿ, ಸಿಪಿಯು ವ್ಯಾಟ್ ಲಿಮಿಟ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ. ಹಿಂದಿನ ಕವರ್ ತೆಗೆದು ಫ್ಯಾನ್‌ಗೂ ಫಿನ್‌ಗೂ (ಬಿಸಿ ಹೊರಬಿಡುವ ತೆಳು ಲೋಹದ ಪಟ್ಟಿಗಳು) ನಡುವಿನ ಸಂದಿ ನೋಡಿ. ಧೂಳು ಅಲ್ಲಿ ಕಂಬಳಿಯ ಹಾಗೆ ಕೂರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಹಿಡಿದುಕೊಳ್ಳಿ.

ಪೇಸ್ಟ್‌ಪ್ರಿಯ: ಕವರ್ ತೆಗೆದ ಮೇಲೆ ಪೇಸ್ಟ್ ಕೂಡ ಬದಲಾಯಿಸಿಬಿಡಿ.

ಹಳೇಪಿಕ್ಸೆಲ್: ಬಯಾಸ್‌ನಲ್ಲಿ ವ್ಯಾಟ್ ಲಿಮಿಟ್ ಆಯ್ಕೆಯೇ ಇಲ್ಲ. ಲಿಮಿಟ್ ಬದಲಿಸಲು ಹಾಕಿಕೊಂಡ ಥ್ರಾಟಲ್‌ಸ್ಟಾಪ್ ಪ್ರೋಗ್ರಾಂ ತೆರೆಯುತ್ತಿಲ್ಲ.

ಲೂಪ್20: ಸಿಪಿಯು ಯಾವುದು ಎಂದು ಆಗಲೇ ಕೇಳಿದ್ದೆ. ಇಂಟೆಲ್ ಅಲ್ವಾ?

ಹಳೇಪಿಕ್ಸೆಲ್: ಅಲ್ಲ, ಎಎಂಡಿ ರೈಜೆನ್.

ಲೂಪ್20: ಥ್ರಾಟಲ್‌ಸ್ಟಾಪ್ ಇಂಟೆಲ್‌ಗೆ ಮಾತ್ರ. ರೈಜೆನ್‌ಗೆ ಅದೇ ಕೆಲಸ ಮಾಡುವ ರೈಜೆನ್‌ಎಡಿಜೆ ಹುಡುಕಿ. ಮಾಡೆಲ್ ನಂಬರ್ ಪೂರ್ತಿ ಹಾಕಿ, ಆಮೇಲೆ ವ್ಯಾಟ್ ಎಷ್ಟಿಡಬೇಕು ಅನ್ನುವುದನ್ನು ನೋಡೋಣ.